ಎಲ್ಲರಿಗೂ ನೂರಿಪ್ಪತ್ತು, ಎಂಬತ್ತು

ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ಕರಾವಳಿ ಕನ್ನಡಿಗರ ಪಡುಗಡಲ ಬಳಗದ ಧರ್ಮಾರ್ಥ ದವಾಖಾನೆಗೆ ಎರಡು ದಾರಿ. ಅರ್ಥ ಇದ್ದವರಿಗೆ ಮುಂದಿನ ಗಾಜಿನ ಬಾಗಿಲು. ಒಳಗೆ ಎಸಿ, ಬಣ್ಣದ ಮೀನಿನ ಪೆಟ್ಟಿಗೆ, ಡಾಕ್ಟರರ ಕ್ಯಾಬಿನ್ನು. ಧರ್ಮಕ್ಕೆ ಬಂದವರಿಗೆ ಹಿಂದಿನ ಗಲ್ಲಿಯ ಕಿಟಕಿ. ಕಿಟಕಿಗೆ ಕಬ್ಬಿಣದ ಸರಳು. ಸರಳಿನ ಸಂದಿಯಿಂದ ಕಾರ್ಡು ಒಳಗೆ ಹೋಗುತ್ತದೆ, ಕಾರ್ಡು ಹೊರಗೆ ಬರುತ್ತದೆ. ಬಸುರಿಯ ತೋಳು ಮಾತ್ರ ಒಳಗೆ ಹೋಗುವುದಿಲ್ಲ.

"ನಾವ್?"

"ಮುಕ್ತಾ."

"ಮಹೀನಾ?"

"ಸಾತ್ವಾ."

ಸಿಸ್ಟರ್ ಸೋನಾಲಿ ಹೆಸರು, ಏಳನೆಯ ತಿಂಗಳು ಎಂದು ತಲೆ ಎತ್ತದೆ ಬರೆಯುತ್ತಿದ್ದಳು. ಬರೆಯುತ್ತ ಭಜನೆಯ ಧಾಟಿಯಲ್ಲಿ ಹೇಳುತ್ತಿದ್ದಳು. "ವನ್ ಟ್ವೆಂಟಿ, ಎಯ್ಟಿ. ನೆಕ್ಸ್ಟ್!"

ಮುಕ್ತಾಳ ತಾಯಿ ನಾಗವೇಣಿಗೆ ಅಕ್ಷರ ಬಾರದು. ಅಂಕಿ ಬರುತ್ತದೆ. ಲೋಕಲ್ ಟ್ರೇನಿನ ಊರಲ್ಲಿ ಅಂಕಿ ಬಾರದವಳು ಮನೆ ಸೇರುವುದಿಲ್ಲ. ಅವಳು ಮಗಳ ಕಾರ್ಡು ನೋಡಿದಳು. ಮೇಲಿಂದ ಕೆಳಗೆ ಅದೇ ಅಂಕಿ. ಪಕ್ಕದ ಖೋಲಿಯ ಸಂಜನಾಳ ಕಾರ್ಡು ಕಿತ್ತುಕೊಂಡು ನೋಡಿದಳು. ಅದೇ. ಸಾಲಿನಲ್ಲಿ ಹನ್ನೊಂದು ಮಂದಿ ಬಸುರಿಯರಿದ್ದರು. ಗಾರೆ ಕೆಲಸದವಳು, ಮನೆಗೆಲಸದವಳು, ಕಂಪನಿಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವವಳು. ಹನ್ನೊಂದು ಹೊಟ್ಟೆ, ಹನ್ನೊಂದು ಕಾರ್ಡು, ಒಂದೇ ಬಿ.ಪಿ. ಜಾತಿ ಹೋಗಬೇಕು, ಎಲ್ಲರೂ ಸಮ ಆಗಬೇಕು ಎಂದು ಮೈಕಿನಲ್ಲಿ ಕೂಗಿ ಗಂಟಲು ಹರಿದುಕೊಂಡವರಿಗೂ ಇಂಥ ಸಮಾನತೆ ತರಲು ಆಗಿರಲಿಲ್ಲ. ಸೋನಾಲಿ ಒಂದು ಬಾಲ್‌ಪೆನ್ನಿನಲ್ಲಿ ತಂದಿದ್ದಳು.

"ಸಿಸ್ಟರ್, ತೋಳಿಗಿ ಪಟ್ಟಿ ಕಟ್ಟಲ್ದೆ ಹ್ಯಾಂಗ ಬರೀತಿ? ಕಣ್ಣಾಗೇ ಅಳೀತಿ ಏನು?"

ಸೋನಾಲಿ ಡೊಂಬಿವಲಿಯಲ್ಲೇ ಹುಟ್ಟಿದ ಉಡುಪಿ ಕಡೆಯ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ. ಸರಳಿಗೆ ಮುಖ ತಂದು ಪಿಸುಗುಟ್ಟಿದಳು. "ಮಾವಶಿ, ಕ್ಯಾ ಕರೂಂ? ಕಿಟಕಿ ಮಶೀನು ಶ್ರಾವಣ್ ಸೇ ಬಂದ್ ಹೈ. ರಬ್ಬರ್ ಫಟ್ ಗಯಾ. ಖಾಲಿ ಬಿಟ್ರೆ ಕಮಿಟಿಯವ್ರು ಬೈತಾರೆ, ತುಂಬಿದ್ರೆ ಯಾರೂ ಓದಲ್ಲ."

"ಡಾಕ್ಟರ್ ಬಲ್ಲಿ ಒಂದು ಅದಲ್ಲ?"

"ವೋ ಮೆಂಬರ್ ಲೋಗೋಂಕಾ. ಕ್ಯಾಬಿನ್ ಸೇ ಹೊರಗೆ ಬರಲ್ಲ."

"ಮತ್ತ ಹೊಸಾದು?"

ಸೋನಾಲಿ ಹಿಂದಿನ ಕಪಾಟು ತೋರಿಸಿದಳು. ಗಾಜಿನ ಕದದ ಒಳಗೆ ಐದು ಹೊಸ ಬಿ.ಪಿ. ಯಂತ್ರಗಳು ಸಾಲಾಗಿ ಕೂತಿದ್ದವು, ನಿಬ್ಬಣಕ್ಕೆ ಹೊರಟ ಮದುಮಕ್ಕಳ ಹಾಗೆ. ಐದಕ್ಕೂ ಸೇರಿಸಿ ಒಂದೇ ಕೆಂಪು ರಿಬ್ಬನ್ನು. ಮೇಲೆ ಹೂವಿನ ಹಾಗೆ ಗಂಟು. ಕದಕ್ಕೆ ಬೀಗ. ಬೀಗದ ಕೈ ತಾರಾನಾಥರ ಜುಬ್ಬದ ಜೇಬಿನಲ್ಲಿ.

ಈ ತಾರಾನಾಥರು ಬಳಗದ ಅಧ್ಯಕ್ಷರು. ಸ್ಟೇಷನ್ನಿನ ಎದುರಿನ ಶಾಕಾಹಾರಿ ಹೋಟೆಲಿನ ಮಾಲೀಕರು. ನಾಗವೇಣಿ ಆ ಹೋಟೆಲಿನ ಹಿತ್ತಲಲ್ಲಿ ಇಪ್ಪತ್ತೊಂದು ವರ್ಷದಿಂದ ಪಾತ್ರೆ ತೊಳೆಯುವವಳು.

*

ಸಾಂಬಾರಿನ ದೊಡ್ಡ ಡೇಗೆ ಎಂದರೆ ಅದನ್ನು ಹೊರಗಿನಿಂದ ತೊಳೆಯಲಾಗುವುದಿಲ್ಲ. ಒಳಗೆ ಇಳಿಯಬೇಕು. ನಾಗವೇಣಿ ಸೊಂಟದವರೆಗೆ ಒಳಗೆ ಬಗ್ಗಿ, ತಳ ಹಿಡಿದ ಬೇಳೆಯನ್ನು ಕಬ್ಬಿಣದ ಚೂರಿನಿಂದ ಕೆರೆಯುತ್ತಿದ್ದಳು. ಸೋಡಾ ಪುಡಿಗೆ ಬೆರಳ ಸಂದಿ ಒಡೆದಿದ್ದವು. ಉಗುರು ಮೆತ್ತಗಾಗಿ ಮಡಚಿಕೊಳ್ಳುತ್ತಿದ್ದವು. ಅಫಜಲಪುರದ ಕಡೆಯಿಂದ ರಸ್ತೆಗೆ ಡಾಂಬರು ಹಾಕಲು ಗಂಡನ ಜೊತೆ ಬಂದಿದ್ದಳು. ರಸ್ತೆ ಮುಗಿಯುವ ಮೊದಲು ಗಂಡ ಮುಗಿದ. ಆಮೇಲೆ ಇದು.

ಅಡಿಗೆಮನೆಯ ಹೊಸ್ತಿಲು ಅವಳಿಗಿಲ್ಲ. ಅವಳ ಚಹಾದ ಲೋಟ ನಲ್ಲಿಯ ಹಿಂದೆ ನೆಲದ ಮೇಲೆ ಇರುತ್ತಿತ್ತು. ಅದಕ್ಕೆ ಕೆಂಪು ದಾರ ಕಟ್ಟಿದ್ದರು, ಉಳಿದ ಲೋಟಗಳ ಜೊತೆ ಬೆರೆಯದಿರಲಿ ಎಂದು. "ಜಾತಿ ಗೀತಿ ಎಂಥದೂ ಇಲ್ಲ ಮಾರಾಯ್ತಿ, ಹೈಜೀನ್" ಎಂದು ತಾರಾನಾಥರೇ ವಿವರಿಸಿದ್ದರು. ಗಿರಾಕಿಗಳು ಬಾಯಿ ಹಚ್ಚುವ ಮುನ್ನೂರು ಲೋಟ ದಿನಕ್ಕೆ ನಾಲ್ಕು ಸಲ ಅವಳ ಕೈಯಲ್ಲೇ ತೊಳೆದು ಹೋಗುತ್ತಿದ್ದವು. ಅಲ್ಲಿ ಹೈಜೀನಿಗೆ ಏನೂ ಆಗುತ್ತಿರಲಿಲ್ಲ.

ನಾಗವೇಣಿಗೆ ಒಂದು ಹುಚ್ಚಿತ್ತು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಎತ್ತಿ ಗಂಟಲೊಳಗೆ ಇಟ್ಟುಕೊಳ್ಳುತ್ತಿದ್ದಳು. ಡೇಗೆಯೊಳಗೆ ತಲೆ ಹಾಕಿ ಲೋಕಲ್ ಟ್ರೇನಿನ ದನಿಯಲ್ಲಿ "ಪುಢೀಲ ಸ್ಟೇಷನ್, ಠಾಕುರ್ಲಿ" ಎಂದರೆ ಸಪ್ಲೈಯರ್‌ಗಳು ಬ್ಯಾಗು ಹುಡುಕಬೇಕು, ಅಷ್ಟು ಖರೆ. ಡೇಗೆ ಅವಳಿಗೆ ಮೈಕು. ತಾರಾನಾಥರು ಮೂರು ಸಲ ಕೆಮ್ಮಿ, ಮೂಗು ಉಜ್ಜಿ, "ಎಂಥ ಅರ್ಜೆಂಟು" ಎನ್ನುವುದನ್ನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ತಾರಾನಾಥರಿಗೂ ಅದು ಗೊತ್ತಿತ್ತು. ನೆಂಟರು ಬಂದಾಗ ಹಿತ್ತಲಿಗೆ ಕರೆತಂದು, "ನಾಗವೇಣಿ, ಸ್ವಲ್ಪ ಮಿಮಿಕ್ರಿ ಮಾಡು" ಎನ್ನುತ್ತಿದ್ದರು. ಅವಳು ಕೈ ಒರೆಸಿಕೊಂಡು ಮಾಡುತ್ತಿದ್ದಳು. ನೆಂಟರು ನಗುತ್ತಿದ್ದರು. ಅವಳು ಮತ್ತೆ ಡೇಗೆಗೆ ಇಳಿಯುತ್ತಿದ್ದಳು.

ವಿದ್ಯೆ ಮಗಳಿಗೂ ಇಳಿದಿತ್ತು. ಮುಕ್ತಾಳ ಮೇರುಕೃತಿ ಹೋಟೆಲಿನ ಗ್ರೈಂಡರು. ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ, ತೋಳು ಬಿಗಿದು, ಇಡೀ ಮೈ ಗಡಗಡ ಅಲುಗಿಸಿ "ಗುರ್‌ರ್‌ರ್" ಎಂದು ಉದ್ದಿನಬೇಳೆ ರುಬ್ಬಿಬಿಡುತ್ತಿದ್ದಳು. ಅವಳ ಗಂಡ ವಿಕಾಸ್, ಕೆಮಿಕಲ್ ಕಂಪನಿಯಲ್ಲಿ ಡ್ರಮ್ಮು ಉರುಳಿಸುವವನು, ಮದುವೆಯ ದಿನ ಅದನ್ನು ನೋಡಿ ಹೆದರಿ ಎದ್ದು ನಿಂತಿದ್ದ.

ಎಂಟನೆಯ ತಿಂಗಳಲ್ಲಿ ಮುಕ್ತಾಳ ಪಾದ ಊದಿದವು. ಆಮೇಲೆ ಕೈ. ಆಮೇಲೆ ಮುಖ. ಹಸಿರು ಬಳೆಗಳು ಮಣಿಕಟ್ಟಿನ ಮಾಂಸದೊಳಗೆ ಹೂತುಹೋದವು.

"ಎಣ್ಣಿಗಿ ಬಿಟ್ಟ ಪೂರಿ ಆದಂಗ ಆಗ್ಯಾವು ನಿನ್ನ ಕಾಲು" ಎಂದು ನಾಗವೇಣಿ ನಕ್ಕಳು. ನಗುತ್ತಲೇ ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು. ಕುಳಿ ಹಾಗೇ ಉಳಿಯಿತು. ಪೂರಿ ಹಾಗೆ ಮಾಡುವುದಿಲ್ಲ. ಅವಳ ನಗು ಅಲ್ಲೇ ನಿಂತಿತು.

ಗುರುವಾರ ಕಿಟಕಿಯಲ್ಲಿ ಮುಕ್ತಾ ತಲೆನೋವು ಎಂದಳು, ಎದೆಯ ಕೆಳಗೆ ಹಿಂಡುತ್ತದೆ ಎಂದಳು. ಸೋನಾಲಿ ಆಸಿಡಿಟಿಗೆ ಗುಲಾಬಿ ಗುಳಿಗೆ ಕೊಟ್ಟಳು. ವನ್ ಟ್ವೆಂಟಿ, ಎಯ್ಟಿ. ನೆಕ್ಸ್ಟ್.

ಅದೇ ದಿನ ನಾಗವೇಣಿ ಕೈಯ ನೊರೆ ಕೊಡವಿ ಗಲ್ಲೆಯ ಹತ್ತಿರ ಹೋಗಿ ನಿಂತಳು. ಗಿರಾಕಿಗಳಿದ್ದ ಹೊತ್ತು. ತಾರಾನಾಥರು ಹುಬ್ಬು ಹಾರಿಸಿದರು.

"ಸಾವಕಾರ್ರ, ಕಪಾಟದಾಗಿನ ಮಶೀನು ಒಂದೇ ಒಂದು ತಗದು ಕೊಡ್ರಿ. ಮಗಳ ಮೈ ಬಾತದ. ನೋಡಿ ಮತ್ತ ಅಲ್ಲೇ ಇಡಿಸ್ತೀನಿ."

ತಾರಾನಾಥರು ಮೂರು ಸಲ ಕೆಮ್ಮಿದರು. "ಅದನ್ನು ಹಾಗೆ ತೆಗೀಲಿಕ್ಕೆ ಬರ್ತದಾ ಮಾರಾಯ್ತಿ? ನಮ್ಮ ಅಮ್ಮನ ಹೆಸರಲ್ಲಿ ಕೊಟ್ಟದ್ದು. ಉದ್ಘಾಟನೆ ಆಗ್ಬೇಕಲ್ಲ."

"ಯಾವಾಗ್ರಿ?"

ಇಲ್ಲಿ ತಾರಾನಾಥರು ನಿಜವಾಗಿಯೂ ನೊಂದುಕೊಂಡರು. ಯಂತ್ರ ಬಂದದ್ದು ಚೌತಿಯ ಹಿಂದಿನ ವಾರ. ಹಿತ್ತಾಳೆಯ ಫಲಕಕ್ಕೆ ಅಮ್ಮನ ಪಟ ಬೇಕಿತ್ತು. ತಾಯಿ ಅಕ್ಕು ಒಬ್ಬಳೇ ಇರುವ ಪಟ ಇರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಲ್ಲಿ ಅರ್ಧ ಮುಖ ಇತ್ತು. ಉಳಿದ ಅರ್ಧವನ್ನು ನೌಪಾಡಾದ ಚಿತ್ರಕಾರ ಬರೆದು ಕೊಡುವಷ್ಟರಲ್ಲಿ ಪಿತೃಪಕ್ಷ ಬಂತು. ಪಿತೃಪಕ್ಷದಲ್ಲಿ ಶುಭಕಾರ್ಯ ಇಲ್ಲ. ಆಮೇಲೆ ದೀಪಾವಳಿ. ಆಮೇಲೆ ಮುಖ್ಯ ಅತಿಥಿ ಅನಿಲಕುಮಾರರು, ನವಿ ಮುಂಬಯಿಯ ದೊಡ್ಡ ಬಿಲ್ಡರು, ದುಬೈಗೆ ಹೋದರು. ಅವರು ಬರುವಷ್ಟರಲ್ಲಿ ಧನುರ್ಮಾಸ ಬಂದು ಕೂತಿತು.

"ಸಂಕ್ರಾಂತಿ ಕಳೀಲಿ. ಅವ್ರ ಡೇಟು ಸಿಕ್ಕಿದೆ."

"ಅಲ್ಲೀ ಮಟ ಕಿಟಕಿಗಿ ಒಂದು ಹಳೇದರೆ ರಿಪೇರಿ ಮಾಡಸ್ರಿ."

"ಹೊಸದು ಐದು ಬಂದಿದೆಯಲ್ಲ, ಹಳೇದಕ್ಕೆ ಯಾಕೆ ಖರ್ಚು ಅಂತ ಕಮಿಟಿಯವರೇ ಕೇಳಿದ್ರು."

"ಹಂಗಾರ ಹೊಸಾದು ತಗೀರಿ."

"ಉದ್ಘಾಟನೆ ಆಗ್ಬೇಕಲ್ಲ ಅಂತ ಹೇಳಿದೆ. ಎಂಥ ಅರ್ಜೆಂಟು? ಬಸುರಿಗೆ ಕೈಕಾಲು ಬಾಯುವುದು ಉಂಟು. ಅದು ಲಕ್ಷಣ."

ಅದು ಲಕ್ಷಣವೇ. ಯಾವುದರ ಲಕ್ಷಣ ಎಂದು ತಾರಾನಾಥರು ಹೇಳಲಿಲ್ಲ. ನಾಗವೇಣಿಗೆ ಗೊತ್ತಿರಲಿಲ್ಲ. ಅವಳು ಹಿತ್ತಲಿಗೆ ಹೋಗಿ ಲೋಟ ಎತ್ತಿದಳು. ಕೆಂಪು ದಾರ ನೋಡಿದಳು. ಕಪಾಟಿನ ಕೆಂಪು ರಿಬ್ಬನ್ನು ನೆನಪಾಯಿತು. ಈ ಮಂದಿ ಮುಟ್ಟಬಾರದ್ದಕ್ಕೆಲ್ಲ ಕೆಂಪು ಕಟ್ಟುತ್ತಾರೆ ಎಂದುಕೊಂಡಳು. ತಾನು ಮುಟ್ಟಿದ್ದನ್ನು ಅವರು ಮುಟ್ಟಬಾರದು. ಅವರು ಇಟ್ಟದ್ದನ್ನು ತಾನು ಮುಟ್ಟಬಾರದು. ದಾರ ಒಂದೇ, ಗಂಟು ಬೇರೆ.

*

ಸಂಕ್ರಾಂತಿಗೆ ಒಂಬತ್ತು ದಿನ ಇತ್ತು. ಮಂಗಳವಾರ. ಮಧ್ಯಾಹ್ನದ ಊಟದ ಪಾತ್ರೆ ಮುಗಿಸಿ ಮೂರೂವರೆಗೆ ನಾಗವೇಣಿ ಖೋಲಿಗೆ ಬಂದಳು. ಐದಕ್ಕೆ ಮತ್ತೆ ಹೋಗಬೇಕು. ಮುಕ್ತಾ ಗೋಡೆಗೆ ಒರಗಿ ಕೂತಿದ್ದಳು. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಳು.

"ಆಯಿ, ಸರ್ ಫಟ್ ರಹಾ ಹೈ." ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಮಿಣುಕುಹುಳ ಹಾರಾಡುತ್ತಿವೆ ಎಂದಳು. ಹಗಲಲ್ಲಿ ಎಂಥ ಮಿಣುಕುಹುಳ?

ನಾಗವೇಣಿಗೆ ಔಷಧಿ ಗೊತ್ತಿರಲಿಲ್ಲ. ನಗಿಸುವುದು ಗೊತ್ತಿತ್ತು. ಮೂರು ಸಲ ಕೆಮ್ಮಿದಳು, ಮೂಗು ಉಜ್ಜಿದಳು. "ಉದ್ಘಾಟನೆ ಆಗ್ಬೇಕಲ್ಲ ಮಾರಾಯ್ತಿ! ಮೊದಲು ರಿಬ್ಬನ್ ಕಟ್ ಆಗ್ಲಿ, ಆಮೇಲೆ ಹೆರು!"

ಮುಕ್ತಾಳ ತುಟಿ ತುಸು ಅಲುಗಿತು.

"ಈಗ ನಿನ್ನ ಪಾಳಿ. ಗ್ರೈಂಡರ್ ಮಾಡು."

ಮುಕ್ತಾ ಮಾಡಿದಳು. ಹಲ್ಲು ಕಚ್ಚಿಕೊಂಡವು. ಕಣ್ಣು ಮೇಲೆ ಹೋದವು. ತೋಳು ಬಿಗಿಯಾದವು. ಮೈ ಗಡಗಡ ಅಲುಗತೊಡಗಿತು.

"ಶಾಬಾಸ್!" ನಾಗವೇಣಿ ಚಪ್ಪಾಳೆ ತಟ್ಟಿದಳು. ಒಂದು, ಎರಡು, ಮೂರು, ನಾಲ್ಕು. ಇಷ್ಟು ಖರೆ ಗ್ರೈಂಡರನ್ನು ಮಗಳು ಹಿಂದೆಂದೂ ಮಾಡಿರಲಿಲ್ಲ.

ಐದನೆಯ ಚಪ್ಪಾಳೆಗೆ ಕೈ ಎತ್ತಿದಾಗ ಅವಳಿಗೆ ತಿಳಿಯಿತು. ಗ್ರೈಂಡರಿಗೆ ಸದ್ದೇ ಇಲ್ಲ.

ಬಾಯಿಯಿಂದ ನೊರೆ ಬಂತು. ನೊರೆಯಲ್ಲಿ ರಕ್ತ. ನಾಲಿಗೆ ಹಲ್ಲಿನ ನಡುವೆ ಸಿಕ್ಕಿತ್ತು. ತುಟಿ ನೀಲಿಯಾಗುತ್ತಿತ್ತು. ಬಳೆಗಳು ಗೋಡೆಗೆ ಬಡಿದು ಒಡೆದು ಚೂರಾದವು.

ನಾಗವೇಣಿ ಕಿರುಚಿದಳು. ಆ ಕಿರುಚು ಯಾರ ದನಿಯದೂ ಆಗಿರಲಿಲ್ಲ.

ಚಾಳು ಓಡಿ ಬಂತು. ಒಬ್ಬಳು ಮೂಗಿಗೆ ಹಿಡಿಯಲು ಚಪ್ಪಲಿ ತಂದಳು. ಒಬ್ಬಳು ಈರುಳ್ಳಿ. ಇನ್ನೊಬ್ಬಳು ಅರಿಸಿನ ಕುಂಕುಮ ತಂದು ದೇವಿ ಬಂದಾಳ ಎಂದು ಕೈ ಮುಗಿದಳು. "ದೇವಿಗಿ ಕೊಲ್ಲಾಪುರ ಸಣ್ಣದಾಯ್ತೇನು, ಈ ಖೋಲಿಗಿ ಬರ್ಲಕ? ಸರೀರಿ ಅತ್ತಾಗ!" ಎಂದು ನಾಗವೇಣಿ ಕುಂಕುಮದ ಬಟ್ಟಲು ಒದ್ದಳು. ಸಂಜನಾ ಮಾತ್ರ ಕೆಲಸಕ್ಕೆ ಬಂದಳು. ಆರು ತಿಂಗಳ ಹೊಟ್ಟೆ ಹೊತ್ತು ಓಡಿಹೋಗಿ ರಿಕ್ಷಾ ತಂದಳು. ಮುಕ್ತಾಳನ್ನು ಎಡಮಗ್ಗುಲಿಗೆ ಹೊರಳಿಸಿ, ತನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಕೂತಳು. ರಿಕ್ಷಾದಲ್ಲಿ ಅವಳ ಪಾದ ನಾಗವೇಣಿಯ ಕಣ್ಣಿಗೆ ಬಿತ್ತು. ಅವಳ ಪಾದವೂ ಊದಿತ್ತು.

ರಿಕ್ಷಾ ದವಾಖಾನೆಯ ಮುಂದೆಯೇ ಹೋಯಿತು. ಗಾಜಿನ ಬಾಗಿಲಿಗೆ ಹಲಗೆ ನೇತಾಡುತ್ತಿತ್ತು. ವಿಶ್ರಾಂತಿ, ಒಂದರಿಂದ ಐದು. ಒಳಗೆ ಮೀನುಗಳು ಈಜುತ್ತಿದ್ದವು. ಯಂತ್ರಗಳೂ ವಿಶ್ರಾಂತಿ ಪಡೆಯುತ್ತಿದ್ದವು.

ಶಿಳ್ ರಸ್ತೆಯಲ್ಲಿ ಟ್ರಕ್ಕುಗಳ ಸಾಲು. ಮುಂಬ್ರಾದ ತಿರುವಿನಲ್ಲಿ ಮುಕ್ತಾಳ ಮೈ ಎರಡನೆಯ ಸಲ ರುಬ್ಬಿತು. ನಾಗವೇಣಿ ಮಗಳ ಕಾಲು ಹಿಡಿದುಕೊಂಡು, ತಾನು ನಾಲ್ಕು ಚಪ್ಪಾಳೆ ತಟ್ಟಿದೆ, ನಾಲ್ಕು ಚಪ್ಪಾಳೆ ತಟ್ಟಿದೆ ಎಂದು ರಿಕ್ಷಾದವನಿಗೆ ಹೇಳುತ್ತಲೇ ಇದ್ದಳು. ಪಾಪ, ಅವನು ಬಿಹಾರದವನು. ಹಾರ್ನು ಬಾರಿಸುತ್ತಲೇ ಇದ್ದ.

ಠಾಣೆಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಯಾರೂ ಯಾವ ಬಾಗಿಲು ಎಂದು ಕೇಳಲಿಲ್ಲ. ಸ್ಟ್ರೆಚರ್ ಬಂತು. ಸಣ್ಣ ವಯಸ್ಸಿನ ಡಾಕ್ಟರಮ್ಮ ಬಂದಳು. ಬಂದ ಒಂದೇ ನಿಮಿಷದಲ್ಲಿ ತೋಳಿಗೆ ಪಟ್ಟಿ ಸುತ್ತಿದಳು. ನೂರ ತೊಂಬತ್ತಾರು, ನೂರ ಇಪ್ಪತ್ತನಾಲ್ಕು. ಸೊಂಟಕ್ಕೆ ಸೂಜಿ, ತೋಳಿಗೆ ಸೂಜಿ. ಆಮೇಲೆ ಆಪರೇಷನ್ನಿಗೆ ಒಯ್ದರು. ಕಂಪನಿಯಿಂದ ಓಡಿಬಂದ ವಿಕಾಸ್ ಸಹಿ ಹಾಕಿದ. ಅವನ ಮಾಸ್ಕು ಇನ್ನೂ ಕೊರಳಲ್ಲೇ ಇತ್ತು.

ಹೆಣ್ಣು ಮಗು. ಒಂದೂವರೆ ಕಿಲೋ. ಗಾಜಿನ ಪೆಟ್ಟಿಗೆಗೆ ಹೋಯಿತು. ತಾಯಿ ಐಸಿಯುಗೆ.

ಡಾಕ್ಟರಮ್ಮ ಹೊರಗೆ ಬಂದು ಕಾರ್ಡು ಕೇಳಿದಳು. ಓದಿದಳು. ಆರು ಸಾಲನ್ನೂ ಮತ್ತೆ ಓದಿದಳು. "ಛೇ ಬಾರ್ ವಹೀ ನಂಬರ್? ಯೇ ಬಿ.ಪಿ. ಹೈ ಕಿ ಪಿನ್ ಕೋಡ್?"

ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ನೆಲದ ಮೇಲೆ ನಾಗವೇಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿಡಿಸಿ ಹೇಳಿದಳು. ಇದು ಬಸುರಿನಲ್ಲಿ ಏರುವ ಬಿ.ಪಿ. ಏರಿದಾಗ ಮೈ ಊದುತ್ತದೆ, ತಲೆ ನೋಯುತ್ತದೆ, ಕಣ್ಣು ಮಂಜಾಗುತ್ತದೆ. ಆಗಲೂ ನೋಡದಿದ್ದರೆ ಫಿಟ್ಸು. ಹೆಸರು ಎಕ್ಲಾಂಪ್ಸಿಯಾ. ಕಿಡ್ನಿ ಕೆಲಸ ನಿಲ್ಲಿಸಿವೆ, ಎರಡು ಸಲ ಮಶೀನಿನಲ್ಲಿ ರಕ್ತ ತೊಳೆಯಬೇಕು. ಉಳಿಯಬಹುದು. ಖಂಡಿತ ಎಂದು ಹೇಳಲಾರೆ.

"ಮೊದಲೇ ತಿಳೀತಿತ್ತೇನ್ರಿ?" ನಾಗವೇಣಿ ತನಗೆ ಬರುವ ಹಿಂದಿಯಲ್ಲಿ ಕೇಳಿದಳು.

"ತೋಳಿಗೆ ಒಂದು ಪಟ್ಟಿ ಸುತ್ತಿದ್ದರೆ ಸಾಕಿತ್ತು" ಎಂದಳು ಡಾಕ್ಟರಮ್ಮ.

ಮೂರನೆಯ ದಿನ ಮುಕ್ತಾ ಕಣ್ಣು ಬಿಟ್ಟಳು. ಹಗಲು ಹನ್ನೊಂದು ಗಂಟೆ. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೇ ಬಿದ್ದಿತ್ತು.

"ಆಯಿ, ಲೈಟ್ ಲಾವ್ ನಾ" ಎಂದಳು, ದೀಪ ಹಾಕು ಎಂದು.

ದೃಷ್ಟಿ ಮರಳಲು ಎರಡು ದಿನ ಹಿಡಿಯಿತು. ಆ ಎರಡು ದಿನ ನಾಗವೇಣಿ ಮಗಳ ಕಿವಿಯಲ್ಲಿ ಠಾಣೆಯಿಂದ ಕಲ್ಯಾಣದವರೆಗಿನ ಸ್ಟೇಷನ್ನುಗಳನ್ನು ಒಂದೊಂದಾಗಿ ಕೂಗಿದಳು. ಕಣ್ಣಿಲ್ಲದವಳಿಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಗಲಿ ಎಂದು.

*

ಸಂಕ್ರಾಂತಿ ಕಳೆಯಿತು. ತಾರಾನಾಥರು ಎಳನೀರು, ಮೈಸೂರುಪಾಕಿನ ಡಬ್ಬಿ ಹಿಡಿದು ವಾರ್ಡಿಗೆ ಬಂದರು. ಮುಕ್ತಾಳನ್ನು ನೋಡಿ ಕಣ್ಣು ತುಂಬಿಕೊಂಡರು. ಕಣ್ಣೀರು ಖರೆಯೇ ಇತ್ತು. ಅದೇ ಕಿರಿಕಿರಿ.

"ದೇವರು ದೊಡ್ಡವನು ಮಾರಾಯ್ತಿ. ಈ ಭಾನುವಾರ ಹನ್ನೊಂದಕ್ಕೆ ಉದ್ಘಾಟನೆ. ನೀನು ಸ್ಟೇಜಿಗೆ ಬರ್ಬೇಕು."

"ನಾ ಯಾಕ್ರಿ?"

"ದವಾಖಾನೆಯಿಂದ ಉಪಕಾರ ಆಯ್ತು ಅಂತ ನಾಲ್ಕು ಮಾತು. ನಮ್ಮ ಸಿಸ್ಟರು ಸರಿಯಾದ ಟೈಮಿಗೆ ದೊಡ್ಡ ಆಸ್ಪತ್ರೆಗೆ ಕಳಿಸಿದ್ರು, ಮಗಳು ಉಳಿದಳು ಅಂತ. ಆಮೇಲೆ ನಿನ್ನ ಮಿಮಿಕ್ರಿ ಐದು ನಿಮಿಷ. ಅನಿಲಕುಮಾರ್ರಿಗೆ ತಮಾಷೆ ಅಂದ್ರೆ ಜೀವ." ದನಿ ತಗ್ಗಿಸಿದರು. "ಮತ್ತೆ ಆ ಕಾರ್ಡು ಉಂಟಲ್ಲ, ತಕೊಂಡು ಬಾ. ರೆಕಾರ್ಡಿಗೆ ಬೇಕು. ಇಷ್ಟು ರಜೆ ಆಯ್ತು, ಬೇರೆಯವರಾದ್ರೆ ನಿನ್ನ ಜಾಗಕ್ಕೆ ಜನ ಹಾಕ್ತಿದ್ರು. ನಾನು ಹಾಕ್ಲಿಲ್ಲ."

ನಾಗವೇಣಿ ಎಳನೀರು ನೋಡಿದಳು. ಸಂಜನಾಳ ಪಾದ ನೋಡಿದಳು. ಸಂಜನಾ ಬುತ್ತಿ ತಂದು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಕಾಲಿಗೆ ಗಂಡನ ಚಪ್ಪಲಿ, ತನ್ನದು ಹಿಡಿಸುತ್ತಿರಲಿಲ್ಲ. ಅವಳ ಕಾರ್ಡಿನಲ್ಲಿ ಮೊನ್ನೆಯ ಗುರುವಾರವೂ ಅದೇ ಪಿನ್ ಕೋಡು ಬಿದ್ದಿತ್ತು. ಇಲ್ಲೇ ತೋರಿಸು ಎಂದು ನಾಗವೇಣಿ ಎರಡು ಸಲ ಅಂದಿದ್ದಳು. ಹೊರರೋಗಿ ಸಾಲಿಗೆ ಬೆಳಿಗ್ಗೆ ಏಳಕ್ಕೆ ಬರಬೇಕು; ಏಳಕ್ಕೆ ಸಂಜನಾ ಸೊಸೈಟಿಯ ಮೂರನೆಯ ಮನೆಯ ಕಸ ಗುಡಿಸುತ್ತಿರುತ್ತಾಳೆ. ಒಂದು ದಿನ ತಪ್ಪಿದರೆ ಮೂರು ಮನೆ ಹೋಗುತ್ತವೆ. ಭಾನುವಾರ ಮಾತ್ರ ಅವಳಿಗೆ ಬಿಡುವು.

"ಬರ್ತೀನ್ರಿ ಸಾವಕಾರ್ರ" ಎಂದಳು ನಾಗವೇಣಿ. "ಸಂಜನಾನ್ನೂ ಕರ್ಕೊಂಡೇ ಬರ್ತೀನಿ."

*

ಸಭೆ ದವಾಖಾನೆಯ ಒಳಗೇ ಇತ್ತು. ಮೀನಿನ ಪೆಟ್ಟಿಗೆ ಸರಿಸಿ ವೇದಿಕೆ ಮಾಡಿದ್ದರು. ಜರಿಯಂಚಿನ ಮೇಜುಬಟ್ಟೆ, ಐದು ಕುರ್ಚಿ, ಐದು ಹೂಗುಚ್ಛ. ಮುಂದೆ ಸದಸ್ಯರ ಕುಟುಂಬಗಳು, ಮಲ್ಲಿಗೆ, ರೇಷ್ಮೆ. ಹಿಂದಿನ ಕಿಟಕಿಯ ಸರಳಿನಾಚೆ ಗಲ್ಲಿಯಲ್ಲಿ ಚಾಳಿನ ಬಸುರಿಯರು ನಿಂತಿದ್ದರು. "ಫಲಾನುಭವಿಗಳು" ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಫಲ ಮೇಜಿನ ಮೇಲಿತ್ತು, ಅನುಭವ ಗಲ್ಲಿಯಲ್ಲಿತ್ತು.

ಐದು ಯಂತ್ರಗಳೂ ಮೇಜಿನ ಮೇಲೆ. ರಿಬ್ಬನ್ನು ಇಸ್ತ್ರಿ ಮಾಡಿದ ಹಾಗಿತ್ತು. ಪಕ್ಕದಲ್ಲಿ ಹಿತ್ತಾಳೆಯ ಫಲಕ. ಅದರಲ್ಲಿ ಅಕ್ಕು, ಅರ್ಧ ತನ್ನ ಮುಖ, ಅರ್ಧ ಚಿತ್ರಕಾರನ ಮುಖ.

ತಾರಾನಾಥರು ಮೂರು ಸಲ ಕೆಮ್ಮಿ ಮಾತು ಶುರು ಮಾಡಿದರು. "ನನಗೆ ಆರು ವರ್ಷ. ಕಾಪುವಿನ ಹತ್ತಿರ ನಮ್ಮ ಮನೆ. ಅಮ್ಮನಿಗೆ ಎರಡನೆಯ ಹೆರಿಗೆ. ಮೈಯೆಲ್ಲ ಬಾತಿತ್ತು. ಹಿಂದಿನ ದಿನ ತಲೆನೋವು ಅಂತ ಮಲಗಿದ್ಳು. ಆಮೇಲೆ ನಡುಕ ಬಂತು. ಸನ್ನಿ ಅಂದ್ರು, ಸೋಂಕು ಅಂದ್ರು. ಅಮ್ಮ ಹೋದಳು. ಹೊಟ್ಟೆಯಲ್ಲಿದ್ದದ್ದೂ ಹೋಯ್ತು." ದನಿ ಒಡೆಯಿತು. "ಆಗ ಇಂಥ ಮಶೀನ್ ಇರ್ಲಿಲ್ಲ. ಇದ್ದಿದ್ರೆ ನಮ್ಮಮ್ಮ ಉಳೀತಿದ್ಳು."

ಸಭೆ ಕಣ್ಣು ಒರೆಸಿಕೊಂಡಿತು. ಹಿಂದೆ ಗೋಡೆಯ ಹತ್ತಿರ ನಿಂತ ನಾಗವೇಣಿಗೆ ಕಣ್ಣು ಉರಿಯಿತು. ಇಪ್ಪತ್ತೊಂದು ವರ್ಷದಲ್ಲಿ ಈ ಮನುಷ್ಯ ಇದನ್ನು ಹೇಳಿರಲಿಲ್ಲ. ಇವನಿಗೆ ಗೊತ್ತಿತ್ತು. ಆರು ವರ್ಷದ ಕಣ್ಣಲ್ಲಿ ನೋಡಿದ್ದ.

"ಈಗ ನಮ್ಮ ದವಾಖಾನೆಯಿಂದ ಉಪಕಾರ ಪಡೆದ ನಾಗವೇಣಿ ಎರಡು ಮಾತಾಡ್ತಾಳೆ. ಅವಳ ಮಿಮಿಕ್ರಿಯೂ ಉಂಟು!"

ಚಪ್ಪಾಳೆ ಬಿತ್ತು. ನಾಗವೇಣಿ ನಾಲ್ಕರವರೆಗೆ ಎಣಿಸಿದಳು. ಸಂಜನಾಳ ಕೈ ಹಿಡಿದುಕೊಂಡೇ ವೇದಿಕೆ ಹತ್ತಿದಳು. ಮೈಕು ತೆಗೆದುಕೊಂಡಳು. ಮೊದಲ ಸಲ ಡೇಗೆ ಅಲ್ಲದ ಮೈಕು.

ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಗಾಳಿಯಲ್ಲಿ ಪೆನ್ನು ಹಿಡಿದು ಮೊದಲ ಕುರ್ಚಿಯ ಮುಂದೆ ನಿಂತಳು.

"ನಾವ್?"

ಬಿಲ್ಡರು ನಕ್ಕರು. "ಅನಿಲಕುಮಾರ!"

"ಮಹೀನಾ?"

ಸಭೆ ಹೋ ಎಂದಿತು. ಅನಿಲಕುಮಾರರು ತಮ್ಮ ಹೊಟ್ಟೆ ಸವರಿಕೊಂಡು "ಒಂಬತ್ತು!" ಎಂದರು. ಮತ್ತೂ ದೊಡ್ಡ ನಗು.

"ವನ್ ಟ್ವೆಂಟಿ, ಎಯ್ಟಿ. ನೆಕ್ಸ್ಟ್!"

ಮುಂದಿನ ಕುರ್ಚಿ. ಬಳಗದ ಖಜಾಂಚಿ. "ವನ್ ಟ್ವೆಂಟಿ, ಎಯ್ಟಿ. ನೆಕ್ಸ್ಟ್!" ಅದರ ಮುಂದಿನದು ಡಾಕ್ಟರರು. ಅವರು ನಗಲಿಲ್ಲ. "ವನ್ ಟ್ವೆಂಟಿ, ಎಯ್ಟಿ. ನೆಕ್ಸ್ಟ್!" ಕಿಟಕಿಯಾಚೆ ಬಸುರಿಯರು ಸರಳು ಹಿಡಿದು ಜೊತೆಗೂಡಿದರು. "ನೆಕ್ಸ್ಟ್!" ಮೂಲೆಯಲ್ಲಿ ನಿಂತ ಸೋನಾಲಿಯ ಮುಖ ಕಪ್ಪಿಟ್ಟಿತು, ಅದು ತನ್ನದೇ ದನಿ.

ಕುರ್ಚಿಗಳು ಮುಗಿದವು. ನಾಗವೇಣಿ ಹಿತ್ತಾಳೆಯ ಫಲಕದ ಮುಂದೆ ನಿಂತಳು.

"ನಾವ್?" ಎಂದಳು. ತಾನೇ ಉತ್ತರ ಕೊಟ್ಟಳು. "ಅಕ್ಕು." ಗಾಳಿಯಲ್ಲಿ ಬರೆದಳು. "ಮೈ ಬಾತದ? ತಲಿ ನೋಯ್ತದ? ಏನಿಲ್ಲವ್ವ. ವನ್ ಟ್ವೆಂಟಿ, ಎಯ್ಟಿ. ನೆಕ್ಸ್ಟ್."

ನಗು ಕತ್ತರಿಸಿದ ಹಾಗೆ ನಿಂತಿತು.

"ಏನಿದು!" ತಾರಾನಾಥರು ಎದ್ದರು. "ನಮ್ಮಮ್ಮನ ಹೆಸರು ತೆಗೀಬೇಡ!"

"ನೀವೇ ತಗದೀರಿ ಸಾವಕಾರ್ರ, ಹಿತ್ತಾಳಿ ಮ್ಯಾಲ." ಈಗ ಅವಳದು ಅವಳದೇ ದನಿ. ಮಿಮಿಕ್ರಿ ಮುಗಿದಿತ್ತು. "ನಿಮ್ಮವ್ವಗ ಮಶೀನು ಇರ್ಲಿಲ್ಲ. ಸತ್ತಳು. ನನ್ನ ಮಗಳಿಗಿ ಮಶೀನು ಇತ್ತು. ಕಪಾಟದಾಗ ಇತ್ತು. ಕೀಲಿ ನಿಮ್ಮ ಜೇಬಿನಾಗ ಇತ್ತು. ನಾ ಬಂದು ಕೇಳ್ದೆ. ಎಂಥ ಅರ್ಜೆಂಟು ಅಂದ್ರಿ."

"ಸ್ಟೇಜಿನ ಮೇಲೆ ಮಾತಾಡುವ ವಿಷಯ ಅಲ್ಲ ಇದು. ಕಾರ್ಡು ಕೊಡು, ಕೆಳಗಿಳಿ."

"ಕಾರ್ಡು ಕೊಡಂಗಿಲ್ಲ. ಉಪಕಾರ ಅಂತ ಹೇಳಂಗೂ ಇಲ್ಲ. ಇಳಿಯಂಗೂ ಇಲ್ಲ." ಕಾರ್ಡನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಅನಿಲಕುಮಾರರ ಕಡೆ ತಿರುಗಿದಳು. "ಏಳ್ರಿ. ಇಕಿ ಕೂಡ್ಬೇಕು."

ಬಿಲ್ಡರು ಜನರನ್ನು ಎಬ್ಬಿಸಿ ಗೊತ್ತಿದ್ದವರು. ಎದ್ದು ಗೊತ್ತಿರಲಿಲ್ಲ. ಆದರೂ ಎದ್ದರು. ಸಂಜನಾ ಆ ಕುರ್ಚಿಯಲ್ಲಿ ಕೂತಳು, ಗಂಡನ ಚಪ್ಪಲಿಯಲ್ಲಿ, ತುದಿಯಲ್ಲಿ.

"ಸಿಸ್ಟರ್, ಪಟ್ಟಿ ಕಟ್ಟು."

ತಾರಾನಾಥರು ಕೈ ಅಡ್ಡ ಹಿಡಿದರು. "ರಿಬ್ಬನ್ ಕಟ್ ಆಗ್ಲಿಲ್ಲ! ಮುಹೂರ್ತ ಹನ್ನೊಂದೂ ನಲವತ್ತಕ್ಕೆ! ಮತ್ತೆ ಈ ಕೈ... ಹೊಸ ಪಟ್ಟಿ, ಕೊಳೆ ಆಗ್ತದೆ..."

ಸೋನಾಲಿ ಮೂಲೆಯಿಂದ ಬಂದಳು. ಬೆಳ್ಳಿ ತಟ್ಟೆಯಲ್ಲಿದ್ದ ಕತ್ತರಿಯ ಕಡೆ ನೋಡಲೂ ಇಲ್ಲ. ತನ್ನ ಜೇಬಿನಿಂದ ಬ್ಯಾಂಡೇಜು ಕತ್ತರಿಸುವ ಕತ್ತರಿ ತೆಗೆದಳು. ಚಕ್ ಎಂದಿತು. ಐದು ತಿಂಗಳಿಂದ ಕಾದ ಉದ್ಘಾಟನೆ ಅರ್ಧ ಸೆಕೆಂಡಿನಲ್ಲಿ ಮುಗಿಯಿತು. ಫೋಟೋಗ್ರಾಫರಿಗೂ ಸಿಗಲಿಲ್ಲ.

ಪಟ್ಟಿ ಸುತ್ತಿದಳು. ಗಾಳಿ ತುಂಬಿದಳು. ಕಿವಿಗೆ ನಳಿಗೆ ಇಟ್ಟು ಕೇಳಿದಳು. ಮುಖ ಬಿಳುಚಿತು. ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದಳು. ಡಾಕ್ಟರರು ತಾವಾಗಿಯೇ ಎದ್ದು ಬಂದು ಮೂರನೆಯ ಸಲ ನೋಡಿದರು.

ಸೋನಾಲಿ ಮೈಕು ಎಳೆದುಕೊಂಡಳು. ಭಜನೆಯ ಧಾಟಿ ಇರಲಿಲ್ಲ.

"ವನ್ ಸೆವೆಂಟಿ ಟೂ. ವನ್ ಫೋರ್ಟೀನ್." ಸಭೆಯ ಕಡೆ ತಿರುಗಿದಳು. "ಗಾಡಿ ಚಾಹಿಯೇ. ಈಗ. ಅಭೀ."

ಬಾಗಿಲ ಎದುರು ಒಂದೇ ಗಾಡಿ ನಿಂತಿತ್ತು. ಅನಿಲಕುಮಾರರದು. ಬಿಳಿ ಬಣ್ಣ, ಬಾನೆಟ್ಟಿಗೆ ಚೆಂಡುಹೂವಿನ ಹಾರ. ಅವರು ಏನೋ ಹೇಳಲು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಸೋನಾಲಿ ಸಂಜನಾಳನ್ನು ಹಿಂದಿನ ಸೀಟಿನಲ್ಲಿ ಎಡಮಗ್ಗುಲಿಗೆ ಮಲಗಿಸಿ, ತಾನೂ ಒಳಗೆ ಕೂತು ಬಾಗಿಲು ಹಾಕಿಕೊಂಡಿದ್ದಳು. ಡ್ರೈವರು ಯಜಮಾನರ ಕಡೆ ನೋಡಿದ.

ಆಗ ಹಿಂದಿನಿಂದ ಕೇಳಿಸಿತು, ಅನಿಲಕುಮಾರರದೇ ದನಿ, ಅದೇ ಗತ್ತು. "ನೋಡ್ತಾ ನಿಂತ್ಯಾ? ಠಾಣೆ ದೊಡ್ಡ ಆಸ್ಪತ್ರೆ. ಹೊರಡು!"

ಡ್ರೈವರು ಹೊರಟೇಬಿಟ್ಟ. ಬಿಲ್ಡರು ತಿರುಗಿ ನೋಡಿದರು. ಅವರ ತೆರೆದ ಬಾಯಿ ಹಾಗೇ ಇತ್ತು. ಮೈಕು ಮತ್ತೆ ನಾಗವೇಣಿಯ ಕೈಯಲ್ಲಿತ್ತು.

ಗಲ್ಲಿಯ ಬಸುರಿಯರು ಕಿಟಕಿ ಬಿಟ್ಟು ಸುತ್ತಿ ಬಂದು ಗಾಜಿನ ಬಾಗಿಲಿನಿಂದ ಒಳಗೆ ಬಂದರು. ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ. ವೇದಿಕೆಯ ಕುರ್ಚಿಗಳಲ್ಲಿ ಕೂತು ಸೆರಗು ಸರಿಸಿ ತೋಳು ಚಾಚಿದರು. ಗಾರೆ ಅಂಟಿದ ತೋಳು, ಫಿನೈಲು ವಾಸನೆಯ ತೋಳು. ಡಾಕ್ಟರರು ಬಗ್ಗಿ ಒಂದೊಂದಕ್ಕೇ ಪಟ್ಟಿ ಸುತ್ತತೊಡಗಿದರು. ಒಬ್ಬೊಬ್ಬರದೂ ಬೇರೆ ಬೇರೆ ಅಂಕಿ ಬಂತು.

*

ಸಂಜನಾಳನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಫಿಟ್ಸು ಬರಲಿಲ್ಲ. ಎರಡು ಮಂಚದ ಆಚೆ ಮುಕ್ತಾ ಎದ್ದು ಕೂತು, ಮಗುವಿನ ಬಟ್ಟೆ ಮಡಚುತ್ತಿದ್ದಳು.

ಸೋಮವಾರ ಹತ್ತು ಗಂಟೆಗೆ ನಾಗವೇಣಿ ಹೋಟೆಲಿಗೆ ಹೋದಳು. ಹಿತ್ತಲಿನಿಂದ ಅಲ್ಲ, ಮುಂದಿನಿಂದ. ಹಿತ್ತಲಲ್ಲಿ ಭಾನುವಾರದ ಡೇಗೆಗಳು ತಳ ಹಿಡಿದು ಕೂತಿದ್ದವು. ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಗಿರಾಕಿಗಳ ನಡುವೆ ಒಂದು ಮೇಜಿಗೆ ಕೂತಳು. ಸಪ್ಲೈಯರು ಕಕ್ಕಾಬಿಕ್ಕಿಯಾಗಿ ಚಹಾ ತಂದಿಟ್ಟ, ದಾರ ಇಲ್ಲದ ಲೋಟದಲ್ಲಿ. ನಿಧಾನಕ್ಕೆ ಕುಡಿದಳು.

ತಾರಾನಾಥರು ಗಲ್ಲೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಕಾಫಿ ಆಗಷ್ಟೇ ಬಂದು ಹಬೆಯಾಡುತ್ತಿತ್ತು. ಕೆಮ್ಮಿದರು. ಒಂದೇ ಸಲ.

"ಪಾತ್ರೆ ಬಿದ್ದಿದೆ" ಎಂದರು.

ನಾಗವೇಣಿ ಎದ್ದು ಬಂದಳು. ಸೊಂಟದಿಂದ ನಿನ್ನೆಯ ಕೆಂಪು ರಿಬ್ಬನ್ನಿನ ತುಂಡು ತೆಗೆದಳು. ಅವರ ಕಾಫಿಯ ಲೋಟಕ್ಕೆ ಸುತ್ತಿ, ಹೂವಿನ ಹಾಗೆ ಗಂಟು ಹಾಕಿದಳು. ಚೆನ್ನಾಗಿ ಬಂತು ಗಂಟು.

ತಾರಾನಾಥರು ಲೋಟಕ್ಕೆ ಕೈ ಚಾಚಿದರು.

"ಮುಟ್ಟಬ್ಯಾಡ್ರಿ ಸಾವಕಾರ್ರ" ಎಂದಳು. "ಇನ್ನಾ ಉದ್ಘಾಟನಿ ಆಗಿಲ್ಲ."